ದಾಮು ಕೆರೆದ ಶಂಖ

ಕಡಲ ನಡುವೆ ಅಂಗೈಯಗಲದ ನಡುಗಡ್ಡೆ, ಅದರ ಮೇಲೊಂದು ಆಶ್ರಮ. ಅಲ್ಲಿಗೆ ದಾಮು ಶಿಷ್ಯನಾಗಿ ಬಂದ. ಅವನ ಬೆನ್ನಿಗೇ ಅಣ್ಣ ಕುಪ್ಪನೂ ಬಂದ. ಕುಪ್ಪನಿಗೆ ಮಾತು ಬಾರದು. ನಲವತ್ತು ದಾಟಿದ ಆಳು, ತಮ್ಮನ ಪಂಚೆಯ ಚುಂಗು ಹಿಡಿದೇ ತಿರುಗುತ್ತಿದ್ದ.

ಮೂರು ತಿಂಗಳಿಗೆ ದಾಮು ರೋಸಿಹೋದ.

"ಗುರುಗಳೇ, ಜಪಕ್ಕೆ ಕೂತರೆ ಪಕ್ಕದಲ್ಲಿ ಇವನು, ಎದ್ದರೆ ಹಿಂದೆ ಇವನು. ಅಂಟಿಕೊಂಡೇ ಇರ್ತಾನೆ. ಸಾಕಪ್ಪಾ ಸಾಕು! ಸೋದರತ್ತೆ ಮನೆಗೆ ಕಳಿಸಿಬಿಡ್ತೇನೆ."

ಗುರುಗಳು ಬೇಡ ಅನ್ನಲಿಲ್ಲ. "ನಾಳೆ ಬೆಳಗಿನ ದೋಣಿಗೆ ಕಳಿಸು. ಶಂಖ ತೊಳೆದಿಡು," ಎಂದರು.

ದಿನಾ ಬೆಳಗ್ಗೆ ಆಶ್ರಮದ ಶಂಖ ಊದದೆ ಅಂಬಿಗ ಹಗ್ಗ ಬಿಚ್ಚುತ್ತಿರಲಿಲ್ಲ. ಅದು ಆ ನಡುಗಡ್ಡೆಯ ಕಟ್ಟಳೆ.

ಶಂಖವೋ, ತೀರಾ ಹಳೇದು. ಕಡಲಲ್ಲಿದ್ದಾಗಲೇ ಅದರ ಮೈಗೆ ಸಣ್ಣ ಸಣ್ಣ ಚಿಪ್ಪಿನ ಹುಳುಗಳು ಗುಂಪುಗುಂಪಾಗಿ ಅಂಟಿ, ಸತ್ತು, ಸುಣ್ಣದ ಗಂಟುಗಳಾಗಿ ಉಳಿದಿದ್ದವು. ತೊಳೆಯಪ್ಪಾ ಅಂದರೆ ನಮ್ಮ ದಾಮು ತೊಳೆದು ಸುಮ್ಮನಾದಾನೆಯೇ? ಉಳಿ ಹಿಡಿದು ಕೂತ. ಸಂಜೆಯೊಳಗೆ ಒಂದನ್ನೂ ಬಿಡದೆ ಕೆರೆದು ಕಿತ್ತು, ಶಂಖವನ್ನು ಫಳಫಳ ಹೊಳೆಯಿಸಿದ.

ಬೆಳಗ್ಗೆ ದೋಣಿ ಬಂತು. ಕುಪ್ಪನ ಬಟ್ಟೆಗಂಟು ದೋಣಿ ಸೇರಿತು. ಕುಪ್ಪ ಮಾತ್ರ ದಡದಲ್ಲೇ ನಿಂತು ತಮ್ಮನ ಮುಖ ನೋಡುತ್ತಿದ್ದ.

ದಾಮು ಶಂಖ ಊದಿದ. ಪುಸ್ ಎಂದಿತು. ಕೆನ್ನೆ ಉಬ್ಬಿಸಿ ಮತ್ತೆ ಊದಿದ. ಮತ್ತೆ ಪುಸ್.

ಗುರುಗಳು ಶಂಖವನ್ನು ತಿರುಗಿಸಿ ನೋಡಿದರು. ಪಕ್ಕೆಯಲ್ಲಿ ಕಡಲೆಕಾಳಿನಷ್ಟು ತೂತು.

"ಇದು ಎಂದಿನದೋ ತೂತು, ಮಗಾ. ಇದರ ಮೇಲೆ ಒಂದು ಚಿಪ್ಪು ಅಂಟಿಕೊಂಡಿತ್ತು. ಇಷ್ಟು ವರ್ಷ ಅದೇ ಮುಚ್ಚಿಕೊಂಡಿತ್ತು."

ದಾಮು ತೂತನ್ನು ಮುಟ್ಟಿ ನೋಡಿದ. "ಅಯ್ಯೋ, ಕೈಯಾರೆ ಹಾಳು ಮಾಡಿದೆನಲ್ಲ!" ಎಂದು ಅಳತೊಡಗಿದ.

ತಮ್ಮ ಅತ್ತರೆ ಕುಪ್ಪ ಎಲ್ಲಿ ತಡೆದಾನು? ಓಡಿ ಬಂದ. ದಿನವೆಲ್ಲ ಪಂಚೆ ಹಿಡಿದಿರುತ್ತಿದ್ದ ಆ ಒರಟು ಬೆರಳನ್ನು ತೂತಿನ ಮೇಲೆ ಒತ್ತಿದ. ಈಗ ಊದು ಎನ್ನುವಂತೆ ಗಲ್ಲ ಎತ್ತಿದ.

ದಾಮು ಊದಿದ. ಶಂಖದ ದನಿ ಕಡಲ ಮೇಲೆಲ್ಲ ಹಬ್ಬಿತು. ಕುಪ್ಪ ಬಾಯ್ತುಂಬ ನಕ್ಕ.

"ಬೇಗ ಹತ್ತಿಸಿ, ನೀರು ಇಳೀತಿದೆ!" ಅಂಬಿಗ ಕೂಗಿದ.

ದಾಮು ಮೊಣಕಾಲುದ್ದ ನೀರಿಗಿಳಿದು ಅಣ್ಣನ ಗಂಟನ್ನು ಎತ್ತಿಕೊಂಡು ಬಂದ. ಗುರುಗಳ ಮುಂದೆ ತಲೆ ತಗ್ಗಿಸಿ ನಿಂತ.

"ಗುರುಗಳೇ, ದೋಣಿ..."

"ಹೋಗಲಿ ಬಿಡು. ನಾಳೆಯೂ ಊದಬೇಕಲ್ಲ, ಇಬ್ಬರೂ ಬೇಗ ಏಳಿ."