ಹಳ್ಳದ ದಡದ ಹಗಲುಗಳ್ಳರು

ಗದ್ದೆಗಳಿಗೆ ಹಳ್ಳದ ನೀರು ಹಂಚುವ ನೀರುಗಂಟಿಯ ಮೇಲೆ ಕೆಂಚೇಗೌಡರಿಗೆ ಗುಮಾನಿ.

"ರಾತ್ರಿ ತುಂಬುವ ಹಳ್ಳ ಹಗಲು ಇಳಿಯುತ್ತದೆ. ನೀರು ಕದ್ದು ಯಾರಿಗೆ ಬಿಡುತ್ತೀಯೋ? ನಾಳೆಯಿಂದ ನಿನಗೆ ಕೆಲಸವಿಲ್ಲ!"

"ಒಂದು ಹಗಲು ನನ್ನನ್ನು ನಿಮ್ಮ ಜಗಲಿಯಲ್ಲೇ ಕೂರಿಸಿಕೊಳ್ಳಿ, ಬುದ್ಧಿ."

ಗೌಡರು ಕಣ್ಣು ಮಿಟುಕಿಸದೆ ಕಾವಲು ಕಾದರು. ಸಂಜೆ ಊರವರೊಂದಿಗೆ ದಡಕ್ಕೆ ಹೋಗಿ ನೋಡಿದರೆ, ಹಳ್ಳ ಎಂದಿನಂತೆ ಇಳಿದಿತ್ತು.

"ಹಾಗಾದರೆ ಕಳ್ಳ ಯಾರೋ?"

"ನಿಮ್ಮವರೇ, ಬುದ್ಧಿ. ಬಿಸಿಲಿದ್ದಷ್ಟು ಹೊತ್ತೂ ಕುಡಿಯುತ್ತಾರೆ."

ಗೌಡರು ಪಕ್ಕದಲ್ಲಿದ್ದ ಅಳಿಯನನ್ನು ದುರುಗುಟ್ಟಿ ನೋಡಿದರು. ನೀರುಗಂಟಿ ಮಾತ್ರ ದಡದುದ್ದಕ್ಕೂ ಗೌಡರು ನೆಡಿಸಿದ್ದ ನೀಲಗಿರಿ ಸಾಲಿನತ್ತ ಕೈತೋರಿದ.

"ಥೂ! ಅವನ್ನು ಮಕ್ಕಳಂತೆ ಬೆಳೆಸಿದ್ದೇನೆ. ಅವು ಕುಡಿದರೆ ಕಳ್ಳತನವೇ?"

"ಅಲ್ಲವೇ ಅಲ್ಲ. ಮಕ್ಕಳು ಕುಡಿದದ್ದನ್ನು ಅಪ್ಪನ ಪಾಲಿನಲ್ಲಿ ಮುರಿದುಕೊಂಡರಾಯಿತು."

ಸೇರಿದ್ದ ಊರವರೆಲ್ಲ ಹೂಂಗುಟ್ಟಿದರು. ಗೌಡರ ಗದ್ದೆಯ ಕಾಲುವೆಗೆ ಅಂದೇ ಮಣ್ಣು ಬಿದ್ದು ನೀರು ನಿಂತಿತು.

ಮರುದಿನ ಬೆಳಿಗ್ಗೆ ನೋಡಿದರೆ, ಗೌಡರೇ ಕೊಡಲಿ ಹಿಡಿದು ಮಕ್ಕಳ ಮುಂದೆ ನಿಂತಿದ್ದರು.