ಮುದಿ ಇಂಜಿನ್ನಿಗೆ ಬಂದ ಹೊಸ ಉಸಿರು

ಮುದಿ ಲಾರಿಯೊಂದರ ಡೀಸೆಲ್ ಇಂಜಿನ್ನಿಗೆ ಮೇಸ್ತ್ರಿ ಬಾಬಾಜಾನ್ ಒಂದು ಟರ್ಬೊ ಕೂರಿಸಿದ.

"ಅಜ್ಜಾ, ನೀವು ಉಗುಳುವ ಹೊಗೆಯ ರಭಸಕ್ಕೆ ನಾನು ತಿರುಗುತ್ತೇನೆ. ತಿರುಗಿ ನಿಮ್ಮೊಳಗೆ ಹೆಚ್ಚು ಗಾಳಿ ತುಂಬುತ್ತೇನೆ," ಎಂದಿತು ಟರ್ಬೊ.

"ಅಯ್ಯೋ, ಇಷ್ಟು ವರ್ಷ ಸುಮ್ಮನೆ ಉಗುಳಿಬಿಟ್ಟೆನಲ್ಲ," ಎಂದಿತು ಇಂಜಿನ್.

ಮುಂದುಗಡೆ ನಿಂತು ಇಂಜಿನ್ನನ್ನು ತಂಪಾಗಿಡುತ್ತಿದ್ದ ರೇಡಿಯೇಟರ್ ಎಚ್ಚರಿಸಿತು. "ಬಲ ಹೆಚ್ಚಿದರೆ ಬಿಸಿಯೂ ಹೆಚ್ಚುತ್ತದೆ. ನನ್ನಲ್ಲಿರುವ ನೀರು ಮಾತ್ರ ಮೊದಲಿನಷ್ಟೇ."

"ಕುದಿಯತೊಡಗಿದರೆ ಕೂಗು. ನಾನು ನಿಲ್ಲುತ್ತೇನೆ," ಎಂದು ಇಂಜಿನ್ ಮಾತು ಕೊಟ್ಟಿತು.

ಮರುದಿನ ಘಾಟಿ. ಲಾರಿ ಮೊದಲ ತಿರುವನ್ನು ಕೆಮ್ಮದೆ ಹತ್ತಿತು, ಎರಡನೆಯದನ್ನು ಸಿಳ್ಳೆ ಹಾಕುತ್ತಾ ಹತ್ತಿತು. ಮುಂದೆ ಏರುತ್ತಿತ್ತು ಕೆಂಪು ಬಸ್ಸು. ದಿನವೂ ಇದೇ ಏರಿನಲ್ಲಿ ಲಾರಿಗೆ ಧೂಳು ಕುಡಿಸಿ ಹೋಗುತ್ತಿದ್ದ ಬಸ್ಸು.

"ತಮ್ಮಾ, ಇನ್ನಷ್ಟು ಗಾಳಿ ಕೊಡು."

"ತಗೊಳ್ಳಿ ಅಜ್ಜಾ."

ಲಾರಿ ಬಸ್ಸನ್ನು ಹಿಂದೆ ಹಾಕಿತು. ತಗಡುಗಳು ತಾಳ ಹಾಕಿದವು, ಸ್ಟೆಪ್ನಿ ಕುಣಿಯಿತು, ಹಾರನ್ ಕಾರಣವಿಲ್ಲದೆ ಕೂಗಿತು. ಅಷ್ಟರಲ್ಲಿ ಬುಸ್ಸೆಂದು ಆವಿ ಎದ್ದು, ಲಾರಿ ರಸ್ತೆ ಬದಿಗೆ ನಿಂತೇಬಿಟ್ಟಿತು. ಕೆಂಪು ಬಸ್ಸು ಅದನ್ನು ದಾಟಿಕೊಂಡು ನಿಧಾನವಾಗಿ ಮೇಲೇರಿತು.

"ಕುದಿಯತೊಡಗಿದರೆ ಕೂಗು ಅಂದಿದ್ದೆನಲ್ಲ," ಎಂದು ಇಂಜಿನ್ ರೇಡಿಯೇಟರನ್ನು ಗದರಿಸಿತು. "ಯಾಕೆ ಕೂಗಲಿಲ್ಲ?"

"ಎರಡನೆಯ ತಿರುವಿನಲ್ಲೇ ಕುದಿಯಿತು. ಕೂಗೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆ ಬಸ್ಸಿನ ಬೆನ್ನು ಕಂಡಿತು," ಎಂದಿತು ರೇಡಿಯೇಟರ್. "ಅದನ್ನು ದಾಟುವುದನ್ನು ನಾನೂ ನೋಡಬೇಕಿತ್ತು."