ಕುಂಕುಮವಿಟ್ಟ ಕತ್ತಿ

“ಗುರುಗಳೇ, ನನ್ನ ಪ್ರವಚನ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಮತ್ತೆ ಕೇಳಲು ಮಾತ್ರ ಯಾರೂ ಬರುವುದಿಲ್ಲ. ಯಾಕೆ?”

ಕೇಳಿದವನು ಪರ್ವತಯ್ಯ, ಮಠದ ಶಿಷ್ಯರಲ್ಲಿ ಚುರುಕಾದವನು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಪ್ರವಚನ ಹೇಳಲು ಗುರುಗಳು ಆ ವರ್ಷವಷ್ಟೇ ಅವನಿಗೆ ಅಪ್ಪಣೆ ಕೊಟ್ಟಿದ್ದರು. ಯಾವ ಊರಿಗೆ ಹೋದರೂ ಮೊದಲ ದಿನ ಗುಡಿ ತುಂಬುತ್ತಿತ್ತು. ಮರುದಿನ ಅರ್ಧ ಖಾಲಿ. ಅದರ ಮರುದಿನ ಪೂಜಾರಿಯೊಬ್ಬನೇ ಇರುತ್ತಿದ್ದ, ಅವನೂ ಗುಡಿಗೆ ಬೀಗ ಹಾಕಬೇಕಲ್ಲ ಎಂದು ಇರುತ್ತಿದ್ದ.

“ಜನರನ್ನು ಕೇಳಿ ನೋಡಿದೆಯಾ?” ಎಂದರು ಗುರುಗಳು.

“ದಿನವೂ ಕೇಳುತ್ತೇನೆ. ಮುಗಿದ ಕೂಡಲೇ, ಕಾಲಿಗೆ ಬಿದ್ದು ಏಳುವ ಒಬ್ಬೊಬ್ಬರನ್ನೂ ಕೇಳುತ್ತೇನೆ. ನಾನು ಹೊಸಬ, ಎಲ್ಲಿ ಎಡವಿದೆ ಹೇಳಿ ಎನ್ನುತ್ತೇನೆ. ಏನೂ ಇಲ್ಲ, ಬಹಳ ಚೆನ್ನಾಗಿತ್ತು ಎನ್ನುತ್ತಾರೆ. ಈ ಕೆಲಸ ನನಗೆ ಒಲಿಯುವುದಿಲ್ಲವೇನೋ. ನೀವು ಒಪ್ಪಿದರೆ ಬಿಟ್ಟುಬಿಡುತ್ತೇನೆ.”

“ಬಿಡುವುದಕ್ಕೆ ಅಷ್ಟು ಅವಸರವೇನು? ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಿಗನಿದ್ದ. ಅವನ ಹೆಂಡತಿ ಅದೇ ಊರಿನ ಕಮ್ಮಾರನ ಮಗಳು. ಕಮ್ಮಾರ ತೀರಿಕೊಂಡ. ಅವನಿಗೆ ಗಂಡುಮಕ್ಕಳಿರಲಿಲ್ಲ. ಕುಲುಮೆ ತಣ್ಣಗಾಯಿತು. ಅಪ್ಪನ ಕುಲುಮೆಯ ಮುಂದೆ ಹಾದುಹೋಗಬೇಕಾಗುತ್ತದೆಂದು ಹೆಂಡತಿ ನೀರಿಗೆ ಹೋಗಲು ಸುತ್ತುದಾರಿ ಹಿಡಿಯುವುದನ್ನು ಬಡಿಗ ನೋಡಿದ. ಅವನಿಗೆ ಸಂಕಟವಾಯಿತು. ಒಂದು ದಿನ ಉಳಿಯನ್ನು ಕೆಳಗಿಟ್ಟು, “ನಾನ ಕಬ್ಬಿಣ ಬಡಿತೀನಿ. ನೀ ತಿದಿ ಊದು” ಎಂದ.

ಕುಲುಮೆಯ ಜಾಗ ಊರಿಗೆ ಸೇರಿದ್ದು. ಊರಿನ ಕಮ್ಮಾರನಿಗೆಂದು ಹಿಂದಿನವರು ಬಿಟ್ಟುಕೊಟ್ಟದ್ದು. ಬಡಿಗ ಹೋಗಿ ಊರಗೌಡನನ್ನು ಕೇಳಿದ. ಗೌಡ ಅಡ್ಡಿ ಮಾಡಲಿಲ್ಲ.

“ಸುಗ್ಗಿತನಕ ನೋಡೋಣು. ಕೆಲಸಕ್ಕ ಬರೂವಂಥಾ ಕತ್ತಿ ಮಾಡಿದಿ ಅಂದ್ರ ಕುಲುಮಿ ನಿಂದ. ಇಲ್ಲಾಂದ್ರ ಬ್ಯಾರೆ ಊರಿನ ಕಮ್ಮಾರನ್ನ ಕರಸ್ತೀವಿ” ಎಂದ.

ಅದು ನ್ಯಾಯವಾದ ಮಾತೇ. ಕತ್ತಿಯಿಲ್ಲದೆ ಊರು ಎಷ್ಟು ದಿನ ಕೂತೀತು?

ಬಡಿಗ ಸೋಮಾರಿಯಲ್ಲ. ಕಬ್ಬಿಣವನ್ನು ಅತಿಯಾಗಿ ಕಾಯಿಸಿ ಸುಟ್ಟ. ಕಡಿಮೆ ಕಾಯಿಸಿ ಬಡಿದು ಸೀಳಿಸಿದ. ಕೈ ಸುಟ್ಟುಕೊಂಡ. ಕೊನೆಗೆ ಅಲಗನ್ನು ನೆಟ್ಟಗೆ ನಿಲ್ಲಿಸುವುದನ್ನು ಕಲಿತ. ಅಷ್ಟು ಬಂದ ಮೇಲೆ ಅವನಿಗೆ ಒಂದು ಆಸೆ ಹುಟ್ಟಿತು. ತನ್ನ ಕತ್ತಿ ಎಲ್ಲರ ಕತ್ತಿಯಂತೆ ಇರಬಾರದು, ನೋಡಿದವರು ನಿಂತು ನೋಡಬೇಕು ಎನ್ನಿಸಿತು. ಕೆಲಸ ಕಲಿಯುವವನಿಗೆ ಈ ಆಸೆ ಬಾರದೆ ಇರುವುದಿಲ್ಲ. ನಿನಗೂ ಬಂದಿರಬೇಕು.

ಇದ್ದಿಲಿನಿಂದ ಗೋಡೆಯ ಮೇಲೆ ಕತ್ತಿಯ ಆಕಾರ ಬರೆದ, ಅಳಿಸಿದ, ಮತ್ತೆ ಬರೆದ. ಮೂತಿಯನ್ನು ನವಿಲಿನ ಕತ್ತಿನಂತೆ ಬಾಗಿಸಿದ. ಕತ್ತಿಯ ಬೆನ್ನನ್ನು ಅರದಿಂದ ತೀಡಿ ತೀಡಿ ಗೆರೆ ಎಳೆದಂತೆ ತೆಳ್ಳಗೆ ಮಾಡಿದ. ಹಿಡಿಯ ವಿಷಯಕ್ಕೆ ಬಂದರೆ ಕೇಳುವುದೇ ಬೇಡ, ಅವನು ಹುಟ್ಟಾ ಬಡಿಗ. ಲಟ್ಟಣಿಗೆಯ ಹಾಗೆ ದುಂಡಗೆ ಕಡೆದು, ಸುತ್ತ ಬಳ್ಳಿ ಕೆತ್ತಿ, ಎಣ್ಣೆ ಉಜ್ಜಿ ಫಳಫಳ ಹೊಳೆಯಿಸಿದ.

ಆ ಸೀಮೆಯಲ್ಲಿ ಹೊಸ ಆಯುಧಕ್ಕೆ ಪೂಜೆ ಮಾಡುತ್ತಾರೆ. ಬಡಿಗ ಪ್ರತಿ ಕತ್ತಿಯನ್ನೂ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಿಡಿಗೆ ಹೂವು ಸುತ್ತಿ, ಕಾಯಿ ಒಡೆದು, ತಟ್ಟೆಯಲ್ಲಿಟ್ಟುಕೊಂಡು ಹೋಗುತ್ತಿದ್ದ. ಬುಟ್ಟಿ ಹೆಣೆಯುವವಳ ಮನೆಗೆ ಬಿದಿರು ಸೀಳುವ ಕತ್ತಿ, ಚಪ್ಪಲಿ ಹೊಲಿಯುವವನ ಮನೆಗೆ ತೊಗಲು ಕೊಯ್ಯುವ ಕತ್ತಿ, ಹೀಗೆ. ತಟ್ಟೆಯನ್ನು ಅವರ ಮುಂದಿಟ್ಟು, “ನಾ ಹೊಸಬ ಇದ್ದೀನಿ. ತಪ್ಪಿದ್ರ ಹೇಳ್ರಿ” ಎನ್ನುತ್ತಿದ್ದ. ಸುಮ್ಮನೆ ಬಾಯಿಮಾತಿಗೆ ಕೇಳುತ್ತಿರಲಿಲ್ಲ, ಮನಸಾರೆ ಕೇಳುತ್ತಿದ್ದ.

ಜನ ಕೈಮುಗಿಯುತ್ತಿದ್ದರು. ಕತ್ತಿಯನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. “ಭಾಳ ಚಂದ ಆಗೇತಿ. ನಿಮ್ಮ ಮಾವನೂ ಇಂಥಾದ್ದು ಮಾಡಿರಲಿಲ್ಲ” ಎನ್ನುತ್ತಿದ್ದರು.

ಬಡಿಗ ಮನೆಗೆ ಬಂದು ಹೆಂಡತಿಯನ್ನೂ ಕೇಳುತ್ತಿದ್ದ. “ಚಂದ ಐತಿ, ಹೌದಿಲ್ಲ?”

“ಹೌದು” ಎನ್ನುತ್ತಿದ್ದಳು.

ಸುಗ್ಗಿ ಹತ್ತಿರ ಬಂತು. ಒಂದು ದಿನ ಹೆಂಡತಿ ನೀರು ತರಲು ಹೋದಲ್ಲಿ ಸುದ್ದಿ ಕೇಳಿ ಬಂದಳು. ಗೌಡ ಬೇರೆ ಊರಿನ ಕಮ್ಮಾರನಿಗೆ ಹೇಳಿಕಳಿಸಿದ್ದಾನಂತೆ. ಬಡಿಗನಿಗೆ ಅರ್ಥವಾಗಲಿಲ್ಲ. ಊರೆಲ್ಲ ಹೊಗಳಿದೆ, ಒಬ್ಬರಾದರೂ ಕುಂದು ಹೇಳಿಲ್ಲ, ಮತ್ತೆ ಇದೇಕೆ? ಯಾರೋ ಹೊಟ್ಟೆಕಿಚ್ಚಿನವರು ಗೌಡನ ಕಿವಿ ಊದಿರಬೇಕು ಅಂದುಕೊಂಡ. ತನ್ನ ಪರವಾಗಿ ಗೌಡನ ಹತ್ತಿರ ಮಾತಾಡುವವರು ಬೇಕು. ಎಲ್ಲರಿಗಿಂತ ಹೆಚ್ಚು ಹೊಗಳಿದವಳು ಬುಟ್ಟಿ ಹೆಣೆಯುವವಳು. ಅವಳನ್ನು ಕರೆದುಕೊಂಡು ಹೋಗೋಣವೆಂದು ಅವಳ ಮನೆಗೆ ನಡೆದ.

ಅವಳು ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ಕೈಯಲ್ಲಿದ್ದದ್ದು ಹಳೆಯ ಕತ್ತಿ. ಸವೆದು ಸವೆದು ಅರ್ಧವಾಗಿತ್ತು. ಹಿಡಿಗೆ ಚಿಂದಿ ಸುತ್ತಿತ್ತು.

“ಅಕ್ಕಾ, ನಾ ಕೊಟ್ಟ ಕತ್ತಿ ಎಲ್ಲೈತಿ?” ಎಂದ.

ಅವಳು ಎದ್ದು ಕೈಕಾಲು ತೊಳೆದುಕೊಂಡು ಅವನನ್ನು ಒಳಗೆ ಕರೆದಳು. ದೇವರ ಗೂಡಿನಲ್ಲಿ, ದೇವರ ಪಕ್ಕದಲ್ಲಿ, ಅವನ ಕತ್ತಿ ಇತ್ತು. ಅದರ ಮೇಲೆ ಆ ದಿನ ಬೆಳಿಗ್ಗೆ ಏರಿಸಿದ ಹೂವಿತ್ತು.

“ದಿನಾ ಹೂ ಏರಸ್ತೀನಿ. ಏನೂ ಕಡಿಮಿ ಮಾಡಿಲ್ಲೋ ಯಪ್ಪಾ” ಎಂದಳು.

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಬಡಿಗನಿಗೆ ನಗು ಬರಲಿಲ್ಲ. ಅವನು ಮಾಡಿದ್ದು ಬಿದಿರು ಸೀಳಲಿ ಎಂದು. ಚಪ್ಪಲಿ ಹೊಲಿಯುವವನ ಮನೆಯಲ್ಲೂ ತನ್ನ ಕತ್ತಿ ಹೀಗೇ ಕೂತಿರಬೇಕು ಎಂದು ಅವನಿಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಊರೆಲ್ಲ ಅವನ ಕತ್ತಿಗೆ ಕೈಮುಗಿಯುತ್ತಿತ್ತು, ಕೆಲಸಕ್ಕೆ ಒಬ್ಬರೂ ಹಚ್ಚಿರಲಿಲ್ಲ. ಪೂಜೆಗೊಂಡ ವಸ್ತುವಿನಲ್ಲಿ ಕುಂದು ಹುಡುಕಲು ಯಾರಿಗೆ ಧೈರ್ಯ ಬರುತ್ತದೆ?

ಗೂಡಿನಿಂದ ಕತ್ತಿ ತೆಗೆದುಕೊಂಡು ಧೋತರದ ಚುಂಗಿನಿಂದ ಕುಂಕುಮ ಒರೆಸಿದ. ಅವಳು ಗಾಬರಿಯಾದಳು.

“ತಪ್ಪಾದ್ರ ನನಗ ಆಗ್ಲಿ. ಇದರಿಂದ ಒಂದು ಬಿದಿರು ಸೀಳಿ ತೋರಿಸಕ್ಕಾ” ಎಂದ.

ಅವಳು ಹೆದರಿಕೊಂಡೇ ಸೀಳಿದಳು. ಗೆಣ್ಣು ಬಂದಲ್ಲಿ ಹಿಡಿ ಅಂಗೈಯೊಳಗೆ ತಿರುಗಿತು. ಕತ್ತಿ ಪಕ್ಕಕ್ಕೆ ಜಾರಿ ಬಿದಿರು ಸೊಟ್ಟಗೆ ಹರಿಯಿತು.

“ಹಿಡಿ ಕೈಯಾಗ ನಿಲ್ಲವಲ್ದು. ಬೆನ್ನು ಹೆಬ್ಬೆರಳಿಗೆ ಕೊರಿತೈತಿ” ಎಂದಳು ಮೆಲ್ಲಗೆ.

ಇದೇ ಮಾತಿಗಾಗಿ ಬಡಿಗ ಮನೆಮನೆ ಸುತ್ತಿದ್ದ. ಕೊನೆಗೂ ಬಂದಿತ್ತು. ಅವನು ಮಾಡಿದ್ದೇನು ಗೊತ್ತೇ?

“ಹಂಗಲ್ಲಕ್ಕಾ, ನೀ ಹಿಡಿಯೂದ ತಪ್ಪು. ಹಿಂಗ ಹಿಡೀಬೇಕು. ಆ ಬಳ್ಳಿ ಕೆತ್ತಾಕ ನನಗ ಎಷ್ಟು ತ್ರಾಸಾಗೇತಿ ಗೊತ್ತೇನು?” ಎಂದ.

ಅವಳು ತಲೆಯಾಡಿಸಿದಳು. “ಹೌದಪ್ಪಾ, ನನಗ ಹಿಡಿಯಾಕ ಬರಲಿಲ್ಲ. ಕತ್ತಿ ಚಲೋ ಐತಿ ಬಿಡು” ಎಂದು ಅದನ್ನು ತೊಳೆದು ಮತ್ತೆ ಗೂಡಿನಲ್ಲಿಟ್ಟಳು.

ಕೈಯಿಂದ ಹಚ್ಚಿದ ಕುಂಕುಮವನ್ನು ಒರೆಸಿದ. ಬಾಯಿಂದ ಮತ್ತೆ ಹಚ್ಚಿದ. ಪರ್ವತಯ್ಯ, ಎಂಥ ಪೆದ್ದ ನೋಡು.

ಬಡಿಗ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ.

“ಅಪ್ಪನೂ ಕತ್ತಿಗೆ ಕುಂಕುಮ ಹಚ್ಚತಿದ್ದ” ಎಂದಳು ಅವಳು. “ಆದ್ರ ಅದು ಮೊದಲ ದುಡಿಬೇಕು, ಮಂದಿ ಕಡೆ ಬೈಸ್ಕೊಂಡು ಬರಬೇಕು. ಅಪ್ಪ ತಿದ್ದಿ ತಿದ್ದಿ ಮಂದಿ ಬೈಯೂದು ನಿಂತ ಮ್ಯಾಲೆ ಪೂಜಿ.”

“ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?”

“ಚಂದ ಐತಿ ಹೌದಿಲ್ಲ ಅಂತ ಕೇಳಿದ್ರಿ. ಚಂದ ಇತ್ತು. ಹೌದು ಅಂದೆ.”

ಬಡಿಗನಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಎದ್ದು ಹೋಗಿ ಕುಲುಮೆಗೆ ಬೆಂಕಿ ಹಾಕಿದ. ಅವಳು ಬಂದು ತಿದಿಯ ಹತ್ತಿರ ಕೂತಳು.

ಈ ಸಲ ಅವನು ಗೋಡೆಯ ಮೇಲೆ ಏನೂ ಬರೆಯಲಿಲ್ಲ. ಅಲಗಿಗೆ ಹರಿತವಾದ ಬಾಯಿ ಬರಿಸಿದ. ಮೈಯ ಕಪ್ಪನ್ನು ಹಾಗೇ ಬಿಟ್ಟ. ಬೆನ್ನನ್ನು ಮೊಂಡು ಮಾಡಿದ. ಬಾಚಿಯಿಂದ ಒರಟಾಗಿ ಕೆತ್ತಿದ ಚಪ್ಪಟೆ ಹಿಡಿ ಹಾಕಿದ. ಬಳ್ಳಿ ಕೆತ್ತಲು ಅವನ ಕೈ ತುರಿಸುತ್ತಿತ್ತು, ತಡೆದುಕೊಂಡ. ಮಸಿ ಒರೆಸದೆ ಅದನ್ನು ತೆಗೆದುಕೊಂಡು ಹೋಗಿ ಬುಟ್ಟಿ ಹೆಣೆಯುವವಳ ಮುಂದೆ ಬಿದಿರಿನ ರಾಶಿಯ ಮೇಲೆ ಹಾಕಿದ.

“ಇದು ಇನ್ನೂ ಕತ್ತಿ ಆಗಿಲ್ಲಕ್ಕಾ. ಒಂದೀಟು ದುಡಿಸಿ ಎಲ್ಲಿ ನೋವಾಗತೈತಿ ಹೇಳು. ಮಾಡೂದು ಅದರ ಮ್ಯಾಲೆ” ಎಂದ.

ಆಮೇಲೆ ಸಂಚಿ ಬಿಚ್ಚಿ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕೂತ. ತನ್ನ ಬಾಯಿಯ ಮೇಲೆ ಅವನಿಗೆ ನಂಬಿಕೆ ಉಳಿದಿರಲಿಲ್ಲ.

ಅವಳು ಆ ಕರಿ ಕತ್ತಿಯನ್ನು ನೋಡಿ ಕೈಮುಗಿಯಲಿಲ್ಲ, ಮುಖ ಸಿಂಡರಿಸಿದಳು. ಒಂದು ಬಿದಿರು ಸೀಳಿದಳು. “ಮೂತಿ ಭಾರ ಆತು” ಎಂದಳು. ಮತ್ತೊಂದು ಸೀಳಿದಳು. “ಹಿಡಿ ತಿರುಗೂದಿಲ್ಲ ಖರೆ, ಇಲ್ಲಿ ಮೂಲಿ ಒತ್ತತೈತಿ. ಇದೇನು ಹಿಡಿಯೋ, ಕುರ್ಚಿ ಕಾಲೋ?” ಎಂದಳು. ಬಡಿಗನಿಗೆ ಉತ್ತರ ನಾಲಿಗೆಯ ತುದಿಗೆ ಬಂತು. ಬಾಯಲ್ಲಿ ಎಲೆ ಇತ್ತು. ಉತ್ತರವನ್ನು ನುಂಗಿಕೊಂಡ. ಅವಳ ಬೆರಳು ಒತ್ತುವಲ್ಲಿ ಇದ್ದಿಲಿನಿಂದ ಗುರುತು ಹಾಕಿಕೊಂಡು ಎದ್ದು ಹೋದ.

ಮರುದಿನ ತಿದ್ದಿ ತಂದ. ಅವಳು ಬೈದಳು. ಮತ್ತೆ ತಿದ್ದಿ ತಂದ. ಮತ್ತೆ ಬೈದಳು, ಆದರೆ ಹಿಂದಿನ ದಿನಕ್ಕಿಂತ ಕಡಿಮೆ. ಒಂದು ದಿನ ಅವನು ಬಂದು ಕೂತಾಗ ಅವಳು ಸೊಸೆಯ ವಿಷಯ ತೆಗೆದಳು. ಸೊಸೆ ಹಾಲು ಉಕ್ಕಿಸಿದ್ದು, ಮಗ ಅವಳ ಪರ ವಹಿಸಿದ್ದು, ಎಲ್ಲ ಹೇಳುತ್ತ ಬಿದಿರಿನ ಮೇಲೆ ಬಿದಿರು ಸೀಳುತ್ತ ಹೋದಳು. ಕತ್ತಿಯ ಮಾತೇ ಎತ್ತಲಿಲ್ಲ. ಕೈಯಲ್ಲಿ ಕತ್ತಿಯಿದೆ ಎಂಬುದನ್ನೇ ಅವಳು ಮರೆತಿದ್ದಳು. ಬಡಿಗ ಸೊಸೆಯ ಕತೆಯನ್ನು ಪೂರ್ತಿ ಕೇಳಿದ. ಜೀವನದಲ್ಲಿ ಅಷ್ಟು ಸಂತೋಷದಿಂದ ಅವನು ಯಾವ ಕತೆಯನ್ನೂ ಕೇಳಿರಲಿಲ್ಲ.

ಅಲ್ಲಿಂದ ಊರೆಲ್ಲ ತಿರುಗಿ ದೇವರ ಗೂಡುಗಳಿಂದ ತನ್ನ ಕತ್ತಿಗಳನ್ನು ಇಳಿಸಿಕೊಂಡು ಬಂದ. ಒಂದೊಂದನ್ನೇ ಬೆಂಕಿಗೆ ಹಾಕಿ, ಅದನ್ನು ಹಿಡಿಯುವ ಕೈಗೆ ಕೊಟ್ಟು, ಬೈಸಿಕೊಂಡು, ತಿದ್ದಿದ.

ಸುಗ್ಗಿಗೆ ಮುಂಚೆ ಗೌಡ ಬಂದ. ಜೊತೆಗೆ ಬೇರೆ ಊರಿನ ಕಮ್ಮಾರನೂ ಬಂದ. ಕುಲುಮೆಯ ಬಾಗಿಲಲ್ಲಿ ಜನ ಗುಂಪುಗೂಡಿದ್ದರು. ಒಬ್ಬನ ಕುಡಗೋಲಿಗೆ ಬಾಗು ಸಾಲದಂತೆ. ಇನ್ನೊಬ್ಬನ ಕತ್ತಿ ಅವನ ಎಡಗೈಗೆ ಒಗ್ಗುತ್ತಿಲ್ಲವಂತೆ. ಗಲಾಟೆಯೋ ಗಲಾಟೆ.

“ನೋಡಿದೇನು? ಊರೆಲ್ಲ ದೂರು” ಎಂದ ಗೌಡ, ಜೊತೆಗೆ ಬಂದವನಿಗೆ. ತಿದಿಯ ಹತ್ತಿರವಿದ್ದ ಹೆಂಡತಿಯ ಕೈ ನಿಂತಿತು.

ಆ ಕಮ್ಮಾರ ಮುಂದೆ ಬಂದ. ಗುಂಪಿನಲ್ಲಿದ್ದ ಬುಟ್ಟಿ ಹೆಣೆಯುವವಳ ಕೈಯಿಂದ ಕತ್ತಿ ಇಸಿದುಕೊಂಡ. ಬೆನ್ನಿನ ಮೇಲೆ ಹೆಬ್ಬೆರಳು ಎಳೆದ. ಅವಳ ಬೆರಳುಗಳು ಕೂರುವ ಜಾಗವನ್ನು ಹಿಡಿಯಲ್ಲಿ ಮುಟ್ಟಿ ನೋಡಿ, ಕತ್ತಿಯನ್ನು ಅವಳಿಗೆ ಮರಳಿಸಿದ.

“ಗೌಡ್ರ, ಇವರು ದೂರಾಕ ಬಂದಿಲ್ಲ, ಮಾಡಿಸಿಕೊಳ್ಳಾಕ ಬಂದಾರ. ಇಲ್ಲಿ ನನಗೇನೂ ಕೆಲಸ ಇಲ್ಲ” ಎಂದು ಬಂದ ದಾರಿ ಹಿಡಿದ.

ಆ ದಿನ ಹೆಂಡತಿ ಕುಲುಮೆಯನ್ನು ಸಾರಿಸಿ, ಬುಟ್ಟಿ ಹೆಣೆಯುವವಳ ಕತ್ತಿಗೆ ತಾನೇ ಕುಂಕುಮ ಹಚ್ಚಿ ಕಾಯಿ ಒಡೆದಳು. ಪೂಜೆ ಮುಗಿಯುತ್ತಲೇ ಬುಟ್ಟಿ ಹೆಣೆಯುವವಳು ಕತ್ತಿಯನ್ನು ಸೆರಗಿಗೆ ಒರೆಸಿಕೊಂಡು, ಬಿದಿರು ಒಣಗುತ್ತದೆಂದು ಮನೆಗೆ ಓಡಿದಳು.

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯ ನಗುತ್ತಿದ್ದ. ಅವನ ಮುಖ ಹಗುರಾಗಿತ್ತು.

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ಆ ಬಡಿಗನ ತಪ್ಪನ್ನು ನಾನು ಮಾಡಿಲ್ಲ. ನಾನು ಎದುರು ಮಾತಾಡುವುದಿಲ್ಲ, ನನ್ನ ಮಾತಿಗೆ ಕುಂಕುಮ ಹಚ್ಚಿಕೊಂಡೂ ಹೋಗುವುದಿಲ್ಲ. ಬರಿಗೈಯಲ್ಲಿ ನಿಂತು, ಬಿಚ್ಚುಮನಸ್ಸಿನಿಂದ ಕೇಳುತ್ತೇನೆ. ಆದರೂ ಅವರು ಬಾಯಿ ಬಿಡುವುದಿಲ್ಲ.”

ಗುರುಗಳು ಹೇಳಿದರು: “ಹಾಗಾದರೆ ನಾಳೆ, ಅವರು ನಿನ್ನ ಕಾಲಿಗೆ ಬೀಳುವ ಮೊದಲು ಕೇಳು.”